ನಾಳೆಯೇ ಅಪ್ಪನ ಕಾಲು ತೋರಿಸಿ

ನ್ಯೂ-ಓಲೆಸುಂಡ್, ಸ್ವಾಲ್ಬಾರ್ಡ್, ನಾರ್ವೆ
ಜುಲೈ 6

ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೀನಿ. ಅಜ್ಜಿ, ಚಿಕ್ಕಪ್ಪನ ಮನೆಯವರು ಕ್ಷೇಮ ತಾನೆ?

ನೀನು ಬರೆದದ್ದನ್ನ ಪುಟ್ಟ ಫೋಟೋ ತೆಗೆದು ಮೇಲ್ ಮಾಡಿದ್ದ. ವಾಟ್ಸಾಪಲ್ಲಿ ಯಾಕೆ ಸಿಗಲ್ಲ ಅಂತ ಕೇಳಿದ್ದೀಯ. ಈ ಊರಲ್ಲಿ ವೈಫೈ, ಬ್ಲೂಟೂತ್ ಎರಡೂ ನಿಷೇಧ. ಬಾಹ್ಯಾಕಾಶದಿಂದ ಬರೋ ಕ್ಷೀಣ ರೇಡಿಯೋ ಅಲೆ ಹಿಡಿಯೋ ಆಂಟೆನಾಗಳಿಗೆ ನಮ್ಮ ಫೋನು ಅಡ್ಡಿಯಾಗುತ್ತೆ. ಇನ್ನು, ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಹೋಗಬೇಕು, ಥೇಟ್ ನಮ್ಮನೆ ಹಾಗೇ! ಕಲ್ಲಿದ್ದಲ ಗಣಿ ಇದ್ದ ಕಾಲದಿಂದ ಬಂದ ಪದ್ಧತಿಯಂತೆ. ಮನೆಗಳಿಗೆ ಬೀಗ ಹಾಕಲ್ಲ. ಹಿಮಕರಡಿ ಬಂದರೆ ನಾವು ಯಾರ ಮನೆಯೊಳಗಾದರೂ ಓಡಿಹೋಗಿ ಸೇರಿಕೊಳ್ಳಬಹುದು. ನಾನಂತೂ ಒಂದು ಕರಡೀನೂ ನೋಡಿಲ್ಲ, ಹೆದರಬೇಡ.

ಪುಟ್ಟ ನಿನಗೆ ನಾರ್ವೆಯ ಧ್ರುವಯಾತ್ರಿ ಅಮುಂಡ್ಸೆನ್ ಕತೆಯ ಕೊನೇ ಪುಟ ಮಾತ್ರ ಹೇಳಿದ್ದಾನೆ. 1928ರ ಜೂನ್ 18ಕ್ಕೆ ಬೇರೆಯವರನ್ನ ಹುಡುಕೋಕೆ ಟ್ರೊಮ್ಸೊದಿಂದ ವಿಮಾನ ಹತ್ತಿ ಹೋದವನು ಬರಲೇ ಇಲ್ಲ, ನಿಜ. ಆದರೆ ಅದಕ್ಕೆ ಮುಂಚೆ ಎಷ್ಟು ಸಲ ವಾಪಸ್ ಬಂದಿದ್ದ! 1903ರಲ್ಲಿ ಸಣ್ಣ ಹಡಗಲ್ಲಿ ಹೊರಟು, ಎರಡು ಚಳಿಗಾಲ ನೆಟ್ಸಿಲಿಕ್ ಇನುಯಿಟ್ ಜನರ ನೆರೆಯಲ್ಲಿದ್ದು, ಅವರಿಂದ ತೊಗಲಿನ ಬಟ್ಟೆ, ನಾಯಿಬಂಡಿ ಎಲ್ಲ ಕಲಿತು 1906ಕ್ಕೆ ಕೆನಡಾದ ಉತ್ತರಕ್ಕಿರೋ ಹಿಮದ ಸಮುದ್ರದಾರಿ, ಅಂದರೆ ವಾಯವ್ಯ ಮಾರ್ಗ, ದಾಟಿದ. 1925ರಲ್ಲಿ ಈ ಊರಿಂದಲೇ ಹಾರಿ, 88 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಹಿಮದಲ್ಲಿ ಸಿಕ್ಕಿಬಿದ್ದಾಗ ಆರು ಜನ ಮೂರು ವಾರಕ್ಕೂ ಹೆಚ್ಚು ಹಿಮ ಕಡಿದು ರನ್‌ವೇ ಮಾಡಿಕೊಂಡು ಬಂದರು. ಮರುವರ್ಷ ಅವನನ್ನ ಹೊತ್ತು ಉತ್ತರ ಧ್ರುವದ ಮೇಲೆ ಹಾದುಹೋದ ನೋರ್ಗೆ ವಾಯುನೌಕೆಯನ್ನ ಕಟ್ಟಿದ್ದ ಕಂಬ ಇಲ್ಲಿ ಇವತ್ತಿಗೂ ನಿಂತಿದೆ. ಅದನ್ನ ನೋಡಿದಾಗೆಲ್ಲ ನನಗೆ ಅವನ ಧೈರ್ಯಕ್ಕಿಂತ ತಾಳ್ಮೆ ದೊಡ್ಡದು ಅನಿಸುತ್ತೆ. ಇಲ್ಲಿರೋ ನಮ್ಮ ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿಯಲ್ಲಿ ಅಂಥ ಕಷ್ಟ ಒಂದೂ ಇಲ್ಲ.

ಅಮ್ಮ, ನೀನು ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅಪ್ಪನ ಹೆಬ್ಬೆರಳಲ್ಲಿ ಗಾಯ, ನೋವಿಲ್ಲ ಅಂತಾರೆ, ಅರಿಶಿನ ಹಚ್ಚಿದ್ದೀನಿ ಅಂತ. ಅದನ್ನ ಓದಿದಾಗಿಂದ ನನಗೆ ನಿದ್ದೆ ಇಲ್ಲ. ಚಳಿಯಲ್ಲಿ ಬೆರಳು ಉರೀತಿದ್ದರೆ ಪರವಾಗಿಲ್ಲ, ಏನೂ ಗೊತ್ತಾಗದೇ ಹೋದರೆ ಆಗ ಭಯ. ಪಿಯರಿ ಅನ್ನೋ ಇನ್ನೊಬ್ಬ ಧ್ರುವಯಾತ್ರಿ 1899ರಲ್ಲಿ ಹಾಗೇ ಚಳಿಗೆ ಮರಗಟ್ಟಿ ಎಂಟು ಕಾಲ್ಬೆರಳು ಕಳೆದುಕೊಂಡ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರೋ ಅಪ್ಪನಿಗೆ ನೋವಿಲ್ಲ ಅಂದರೆ ಅದು ಸಮಾಧಾನದ ಮಾತಲ್ಲ. ಪಾದದ ಸ್ಪರ್ಶವೇ ಹೋಗಿರಬಹುದು. ಹೋದ ವರ್ಷ ತೋಟದಲ್ಲಿ ಮುಳ್ಳು ಹೊಕ್ಕಿದ್ದು ಎರಡು ದಿನ ಗೊತ್ತೇ ಆಗಿರಲಿಲ್ಲ, ನೆನಪಿದೆಯಾ? ಬಿಸಿನೀರಲ್ಲಿ ಕಾಲು ಇಡಿಸಬೇಡ, ಸುಟ್ಟರೂ ತಿಳಿಯಲ್ಲ. ಬರಿಗಾಲಲ್ಲಿ ತೋಟಕ್ಕೆ ಬಿಡಬೇಡ. ಕೊಬ್ಬರಿ ಮಾರಿದ ಮೇಲೆ ತೋರಿಸೋಣ ಅಂತಾರೆ, ಕೇಳಬೇಡ. ಪುಟ್ಟನ ಖಾತೆಗೆ 20,000 ಹಾಕಿದ್ದೀನಿ. ನಾಳೆಯೇ ತುಮಕೂರಿಗೆ ಕರ್ಕೊಂಡು ಹೋಗಲಿ.

ನನ್ನ ಚಿಂತೆ ಬಿಡು. ಬೆಚ್ಚಗಿದ್ದೀನಿ, ಹೊಟ್ಟೆ ತುಂಬ ಊಟ ಇದೆ, ಒಬ್ಬಳೇ ಎಲ್ಲೂ ಹೋಗಲ್ಲ, ದೇವರಾಣೆ. ನೀರಿನ ಮಾದರಿ ತರೋಕೆ ದೋಣಿ ಹೊರಟಿದೆ, ಕರೀತಿದ್ದಾರೆ. ಡಾಕ್ಟರ್ ಏನಂದ್ರು ಅಂತ ಪುಟ್ಟ ನಾಳೆ ಸಂಜೆಯೊಳಗೆ ಮೇಲ್ ಮಾಡಲಿ.

ನಿನ್ನ
ಸುಮ