ಪುಲಾವಿಗೆ ಸಕ್ಕರೆ ಬಿದ್ದ ಕಥೆ

ಮಾನ್ಯರೇ,

‘ಚೀನಿ ಕಮ್’ ಅನ್ನೋ ಹಿಂದಿ ಸಿನಿಮಾವನ್ನು ಟಿವಿಯಲ್ಲಿ ನೋಡಿ ಬೇಸರವಾಯಿತು ಅಂತ ಓದುಗರೊಬ್ಬರು ಕಳೆದ ವಾರ ಬರೆದಿದ್ದರು. 64ರ ಮುದುಕನಿಗೆ 34ರ ಹೆಣ್ಣು, ಇದೆಂಥ ಪ್ರೀತಿ ಅನ್ನೋದು ಅವರ ತಕರಾರು. ನಾನು ಮೂವತ್ತು ವರ್ಷದಿಂದ ಮದುವೆ ಮನೆ ಅಡುಗೆಗೆ ಹೋಗುವವನು. 2007ರ ಈ ಸಿನಿಮಾ ನನಗೆ ಬೇರೆಯದೇ ಕಾರಣಕ್ಕೆ ಇಷ್ಟ.

ವಯಸ್ಸಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಮ್ಮ ಹೀರೋಗಳು ಕೂದಲಿಗೆ ಬಣ್ಣ ಹಚ್ಚಿಕೊಂಡು ಮಗಳ ವಯಸ್ಸಿನ ಹುಡುಗಿ ಜತೆ ಕುಣಿದರೆ ಶಿಳ್ಳೆ ಹೊಡೆಯುತ್ತೇವೆ. ಇಲ್ಲಿ ಅಮಿತಾಭ್ ಬಚ್ಚನ್ ಬಿಳಿ ಗಡ್ಡ ಬಿಟ್ಟುಕೊಂಡೇ ತಬೂ ಹಿಂದೆ ಬೀಳುತ್ತಾರೆ. ಹುಡುಗಿಯ ಅಪ್ಪ ಪರೇಶ್ ರಾವಲ್‌ಗೆ ಅಳಿಯನಿಗಿಂತ ಕಮ್ಮಿ ವಯಸ್ಸು, ತಮಾಷೆಯೇ ಅದು. ಮುಚ್ಚಿಡುವುದಕ್ಕಿಂತ ಇದು ವಾಸಿ ಅಲ್ವಾ?

ಈಗ ಪುಲಾವಿಗೆ ಬರುತ್ತೇನೆ. ಸಿನಿಮಾದಲ್ಲಿ ಅಮಿತಾಭ್ ಒಬ್ಬ ಬಾಣಸಿಗ, ಲಂಡನ್ನಿನಲ್ಲಿ ಇವನದು ದೊಡ್ಡ ಹೋಟೆಲು, ಜಂಬವೂ ಅಷ್ಟೇ ದೊಡ್ಡದು. ಊಟಕ್ಕೆ ಬಂದ ತಬೂ ಹೈದರಾಬಾದಿ ಜಾಫ್ರಾನಿ ಪುಲಾವ್ ಸಿಹಿಯಾಗಿದೆ ಅಂತ ವಾಪಸ್ ಕಳಿಸುತ್ತಾಳೆ. ಇವನು ರೇಗುತ್ತಾನೆ. ಆಕೆ ಸುಮ್ನೆ ಹೋಗಿ, ತಾನೇ ಪುಲಾವ್ ಮಾಡಿ ಕಳಿಸುತ್ತಾಳೆ. ಆಮೇಲೆ ನೋಡಿದರೆ ಅಡುಗೆಮನೆಯಲ್ಲಿ ಉಪ್ಪಿನ ಬದಲು ಸಕ್ಕರೆ ಬಿದ್ದಿದೆ.

ನಗಬೇಡಿ, ಇದು ನಡೆಯುವಂಥದ್ದೇ. ತಿಪಟೂರಿನ ಹತ್ತಿರ ಒಂದು ಮದುವೆಯಲ್ಲಿ ಬೆಳಗಿನ ಜಾವ ಕರೆಂಟು ಹೋಗಿ, ಕತ್ತಲಲ್ಲಿ ನನ್ನ ಕೈಯಿಂದಲೇ ಕೇಸರಿಬಾತಿನ ಕೊಪ್ಪರಿಗೆಗೆ ಒಂದು ಸೌಟು ಪುಡಿಯುಪ್ಪು ಬಿದ್ದಿತ್ತು. ಪಂಕ್ತಿಯಲ್ಲಿ ಅಜ್ಜಿಯೊಬ್ಬರು ಅದನ್ನು ಎಲೆಯ ತುದಿಗೆ ಸರಿಸಿ, ‘ಏನ್ ಭಟ್ರೇ, ಇದು ಉಪ್ಪಿಟ್ಟೋ ಕೇಸರಿಬಾತೋ?’ ಅಂದರು. ನಿಮಗೇ ಬಾಯಿ ರುಚಿ ಕೆಟ್ಟಿರಬೇಕು ಅಂದುಬಿಟ್ಟೆ. ಒಳಗೆ ಹೋಗಿ ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾಯಿತು. ಬೈಗುಳ ತಿಂದವನು ಮಾತ್ರ ನನ್ನ ಕೈಕೆಳಗಿನ ಹುಡುಗ. ಅಜ್ಜಿಯ ಎದುರು ನಿಂತು ತಪ್ಪಾಯ್ತು ಅನ್ನಲು ನನಗೆ ಕಾಲೇ ಬರಲಿಲ್ಲ. ಸಿನಿಮಾದ ಆ ಜಂಬದ ಮನುಷ್ಯ ಹೋಗಿ ಕ್ಷಮೆ ಕೇಳುತ್ತಾನೆ ನೋಡಿ, ಪ್ರೀತಿ ಶುರುವಾಗುವುದೇ ಅಲ್ಲಿ. ನನಗೆ ಅದೇ ಜಾಸ್ತಿ ವಿಚಿತ್ರವಾಗಿ ಕಂಡಿದ್ದು, ವಯಸ್ಸಲ್ಲ.

ಕೊರತೆ ಇಲ್ಲ ಅಂತಲ್ಲ. ಅಪ್ಪ ಉಪವಾಸ ಕೂತ ಮೇಲೆ ಕಥೆ ಎಳೆಯುತ್ತದೆ, ಪಕ್ಕದ ಮನೆಯ ಪುಟ್ಟ ಹುಡುಗಿಗೆ ಬ್ಲಡ್ ಕ್ಯಾನ್ಸರ್ ಕೊಟ್ಟು ಅಳಿಸುವುದು ಬೇಕಿರಲಿಲ್ಲ. ಅಂದಹಾಗೆ ಅದರ ‘ಜಾನೇ ದೋ ನಾ’ ಹಾಡಿನ ಮಟ್ಟು ಶಂಕರ್ ನಾಗ್ ಅವರ 1981ರ ‘ಗೀತಾ’ದ ‘ಜೊತೆಯಲಿ’ ಹಾಡಿನದು, ಎರಡೂ ಇಳಯರಾಜಾ ಅವರದೇ. ಮೊನ್ನೆ ಅದು ಬಂದಾಗ ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ನಮ್ಮ ಮನೆಯವಳು, ಹಿಂದಿ ಒಂದಕ್ಷರ ಬರದಿದ್ದರೂ, ಕನ್ನಡದಲ್ಲೇ ಹಾಡು ಎತ್ತಿಕೊಂಡಳು. ತಕರಾರು ಬರೆದವರು ಆ ಹಾಡನ್ನಾದರೂ ಇನ್ನೊಮ್ಮೆ ಕೇಳಲಿ.

– ಒಬ್ಬ ಅಡುಗೆ ಭಟ್ಟ, ತುಮಕೂರು