ಮನೆದೇವರನ್ನು ಕೇಳುವ ಊರಿನಿಂದ

ಪ್ರಿಯ ಗೆಳೆಯಾ,

ಸಿಯಾಟಲ್ ನಗರದ ಕಾನೂನಿನ ಸುದ್ದಿಯನ್ನು ನೆನೆದು ಮೊನ್ನೆ ಫೋನಿನಲ್ಲಿ ನೀನು, "ಅಲ್ಲೂ ಜಾತಿ ಇದೆಯೇನೋ?" ಎಂದು ಕೇಳಿದೆ. ಅದಕ್ಕೆ ಒಂದು ಮಾತಿನ ಉತ್ತರ ಸಾಲದು ಅನ್ನಿಸಿದ್ದರಿಂದ ಈ ಪತ್ರ. ನಮ್ಮ ಹಳೆಯ ಇನ್‌ಲ್ಯಾಂಡ್ ಲೆಟರುಗಳ ಹಾಗೆ ಇದನ್ನು ನಿನಗೊಬ್ಬನಿಗೇ ಕಳುಹಿಸದೆ ಎಲ್ಲರ ಮುಂದೆ ಇಡುತ್ತಿರುವುದು, ಇಲ್ಲಿ ನನ್ನ ಸುತ್ತಲಿರುವ ಕನ್ನಡಿಗರೂ ಓದಲಿ ಎಂಬ ಆಸೆಯಿಂದ. ನಿನ್ನ ಹೆಸರನ್ನು ಬರೆಯುವುದಿಲ್ಲ. ತಿಪಟೂರಿನಲ್ಲಿ 'ಅಂಬಾಸಿಡರ್ ವೀರ' ಯಾರೆಂದು ಬಲ್ಲ ನಾಲ್ಕು ಜನ ತಮ್ಮಷ್ಟಕ್ಕೆ ನಕ್ಕುಕೊಳ್ಳಲಿ.

2023ರ ಫೆಬ್ರವರಿ 21ರಂದು ಇಲ್ಲಿನ ಸಿಟಿ ಕೌನ್ಸಿಲ್ 6–1 ಮತಗಳಿಂದ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಇದೇ ಮೊದಲು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ್ದ ಇಂಥದೇ ಮಸೂದೆಯನ್ನು, ಈಗಿರುವ ಕಾನೂನುಗಳೇ ಸಾಕೆಂದು ಅಲ್ಲಿನ ಗವರ್ನರ್ ಅಕ್ಟೋಬರಿನಲ್ಲಿ ತಿರಸ್ಕರಿಸಿದರು. ಆ ದಿನಗಳಲ್ಲಿ ನಮ್ಮ ಕನ್ನಡ ಬಳಗದ ಊಟದ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಜಾತಿಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬಂದಿದ್ದೇವೆ, ಇಲ್ಲದ ರೋಗಕ್ಕೆ ಮದ್ದೇಕೆ ಎಂದು ಹಲವರು ನಿಜವಾಗಿಯೇ ನೊಂದು ಕೇಳಿದರು. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ಅದರ ಚಿತ್ರವನ್ನು ಹೆಮ್ಮೆಯಿಂದ ಹಂಚಿಕೊಂಡವರೂ ಅವರಲ್ಲಿದ್ದರು.

ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ನೀನು ನಂಬಬೇಕು. ಊರಿನಲ್ಲಿ ಶಾಲೆಗೆ ಸೇರುವಾಗಿನಿಂದಲೇ ಅರ್ಜಿಯಲ್ಲಿ ಜಾತಿಯ ಕಾಲಂ ತುಂಬಿದ ನಾವು, ಇಲ್ಲಿಗೆ ಬಂದ ಮೇಲೆ 'ಏಷ್ಯನ್ ಇಂಡಿಯನ್' ಎಂಬ ಒಂದೇ ಚೌಕಕ್ಕೆ ಗುರುತು ಹಾಕುತ್ತೇವೆ. 1980ರ ಜನಗಣತಿಯಲ್ಲಿ ಮೊದಲ ಸಲ ಬಂದ ಆ ಚೌಕದಲ್ಲಿ ಹುಬ್ಬಳ್ಳಿಯವನೂ ಕೋಲಾರದವನೂ ಪಂಜಾಬಿನವನೂ ಒಂದೇ. ಅಂಗಡಿಯಲ್ಲಿ ಯಾರೋ ನಮ್ಮನ್ನು ಕೆಕ್ಕರಿಸಿ ನೋಡಿದರೆ ಆ ನೋಟಕ್ಕೂ ನಾವೆಲ್ಲ ಒಂದೇ. ಹಾಗೆ ಬದುಕುವವರಿಗೆ ಜಾತಿ ತಾನಾಗಿ ಕಳಚಿಬಿತ್ತೆಂದು ಅನ್ನಿಸುವುದು ಸಹಜ. ಆದರೆ ಆ ಚೌಕದೊಳಕ್ಕೆ ಬಂದವರು ಯಾರು? ಓದಿದವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನೂ, 1990ರಲ್ಲಿ ಹುಟ್ಟಿದ, ಈಗ ವರ್ಷಕ್ಕೆ 85,000ದ ಮಿತಿಯಿರುವ ಎಚ್-1ಬಿ ಎಂಬ ಕೆಲಸದ ವೀಸಾವೂ ಪದವಿಯನ್ನು ಕೇಳುತ್ತವೆ. ಆ ಪದವಿಯ ಹಿಂದೆ ಇಂಗ್ಲಿಷ್ ಶಾಲೆ, ಫೀಸು ಕಟ್ಟಲು ಮಾರಬಹುದಾದ ಹೊಲ, ಫಾರಂ ತುಂಬಿಕೊಡುವ ಚಿಕ್ಕಪ್ಪ, ಇವೆಲ್ಲ ಇರಬೇಕು. ಹೀಗೆ ಕರ್ನಾಟಕದ ಕೆಲವೇ ಬೀದಿಗಳು ಕಡಲು ದಾಟಿ ಬಂದು ಇಡೀ ಕರ್ನಾಟಕದ ಹೆಸರನ್ನು ಹೊತ್ತು ನಿಂತಿವೆ.

ಇದು ನನಗೆ ಹೊಳೆದದ್ದು ಊಟದ ಸಾಲಿನಲ್ಲಿ. ಬಳಗದ ಯುಗಾದಿಗೂ ರಾಜ್ಯೋತ್ಸವಕ್ಕೂ ಹೋಳಿಗೆ, ಕೋಸಂಬರಿ, ಬಿಸಿಬೇಳೆಬಾತು ಇರುತ್ತವೆ. 'ಹಳ್ಳಿ ಊಟ' ಎಂದು ಮಾಡಿದ ವರ್ಷ ಮುದ್ದೆ, ಬಸ್ಸಾರೂ ಇದ್ದವು. ಬಾಡಿನ ಸಾರು ಎಂದೂ ಇರಲಿಲ್ಲ. ಬೇಡವೆಂದು ಯಾರೂ ತೀರ್ಮಾನಿಸಿರಲಿಲ್ಲ, ಏಕಿಲ್ಲವೆಂದು ಯಾರೂ ಕೇಳಿಯೂ ಇರಲಿಲ್ಲ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಬೇಯುವ ಅಡುಗೆ ಕರ್ನಾಟಕದ ಹಬ್ಬವೆಂದು ಕರೆದುಕೊಳ್ಳುವ ಊಟದಲ್ಲಿ ಇಲ್ಲದಿದ್ದರೂ ಯಾರಿಗೂ ಕೊರತೆ ಅನ್ನಿಸಲಿಲ್ಲ. ಅದೇ ಸಾಲಿನಲ್ಲಿ ಹೊಸಬರನ್ನು ಬಹಳ ಅಕ್ಕರೆಯಿಂದ ಕೇಳುವ ಒಂದು ಪ್ರಶ್ನೆಯಿದೆ: "ನಿಮ್ಮ ಮನೆದೇವರು ಯಾವುದು?" ಊರಿನಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುವ ಮಾತು ಅದು, ನಾನೂ ಕೇಳಿಕೊಂಡೇ ಬೆಳೆದದ್ದು. ಹೆಸರಿನಿಂದ ಗೊತ್ತಾಗದ್ದು ದೇವರಿಂದ ಗೊತ್ತಾಗುತ್ತದೆ ಎಂಬುದು, ಕೊಳ್ಳೇಗಾಲದ ಕಡೆಯ ನನ್ನ ಸಹೋದ್ಯೋಗಿಯೊಬ್ಬ ಆ ಪ್ರಶ್ನೆಗೆ ಪ್ರತಿ ಸಲವೂ ಬೇರೆ ದೇವರ ಹೆಸರು ಹೇಳುವುದನ್ನು ಕಂಡಾಗಲೇ ನನಗೆ ಅರ್ಥವಾದದ್ದು.

ಅವನ ಮನೆದೇವರು ಸಿದ್ದಪ್ಪಾಜಿ. ಚಿಕ್ಕಲ್ಲೂರು ಜಾತ್ರೆಯಲ್ಲಿ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಬಾಡೂಟ ಉಣ್ಣುವ ಪಂಕ್ತಿಸೇವೆಯ ಬಗ್ಗೆ, ರಾತ್ರಿಯೆಲ್ಲ ಹಾಡುವ ನೀಲಗಾರರ ಬಗ್ಗೆ ಅವನು ಒಮ್ಮೆ ಕಾರಿನಲ್ಲಿ ಹೇಳಿದ. ಕರ್ನಾಟಕದಲ್ಲೇ ಹುಟ್ಟಿ ಬೆಳೆದ ನನಗೆ ಇಷ್ಟು ದೊಡ್ಡ ಸಂಗತಿ ತಿಳಿದದ್ದು ಸಿಯಾಟಲ್‌ನ ಹೆದ್ದಾರಿಯಲ್ಲಿ! 1916ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಕುರಿತು ಪ್ರಬಂಧ ಓದಿದ 25ರ ಹರೆಯದ ಅಂಬೇಡ್ಕರರು, ಹಿಂದೂಗಳು ಬೇರೆ ನಾಡುಗಳಿಗೆ ವಲಸೆ ಹೋದರೆ ಜಾತಿ ಲೋಕದ ಸಮಸ್ಯೆಯಾಗುತ್ತದೆಂಬ, ಜಾತಿಯ ಇತಿಹಾಸ ಬರೆದ ಕೇತ್ಕರರ ಮಾತನ್ನು ನೆನಪಿಸಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಊಟದ ಸಾಲು. ಅದರ ಹಿಂದೆಯೇ ನೀನು.

ಇದನ್ನು ಬರೆಯಬೇಕೆಂದು ಕೂತವನಲ್ಲ ನಾನು. ನಮ್ಮ ಮನೆಯ ಜಗಲಿಯ ಮೇಲೆ ನಾವಿಬ್ಬರೂ ಚೌಕಾಬಾರ ಆಡುತ್ತಿದ್ದುದನ್ನೂ, ಅಜ್ಜಿ ಅಲ್ಲಿಗೇ ಮಜ್ಜಿಗೆ, ಚಕ್ಕುಲಿ ಕಳಿಸುತ್ತಿದ್ದುದನ್ನೂ ನನ್ನ ಮಕ್ಕಳಿಗೆ ಊರಿನ ಅತ್ಯಂತ ಸಿಹಿಯಾದ ನೆನಪಾಗಿ ಹೇಳುತ್ತಾ ಬಂದಿದ್ದೇನೆ. ಈಚೆಗೆ ಮಗಳು, "ಮಳೆಗಾಲದಲ್ಲೂ ಅವರು ಒಳಗೆ ಬರುತ್ತಿರಲಿಲ್ಲವೇ?" ಎಂದು ಕೇಳಿದಳು. ಎರಚಲು ಹೊಡೆಯುತ್ತಿದ್ದಾಗಲೂ ನೀನು "ಇಲ್ಲೇ ಚೆನ್ನಾಗಿದೆ" ಎನ್ನುತ್ತಿದ್ದದ್ದು ನೆನಪಾಗಿ ನನಗೆ ಉತ್ತರ ಹೊರಡಲಿಲ್ಲ. ನಿಮ್ಮ ಮನೆಯಲ್ಲಿ ನಾನು ಅಡುಗೆಮನೆಯ ಬಾಗಿಲಲ್ಲೇ ಕೂತು ನಿಮ್ಮಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದೆ. ಅದನ್ನು ನಮ್ಮ ಮನೆಯಲ್ಲಿ ಹೇಳುತ್ತಿರಲಿಲ್ಲ. ಹೇಳಬಾರದೆಂದು ಯಾರೂ ಕಲಿಸಿರಲಿಲ್ಲ, ಆದರೂ ಆ ವಯಸ್ಸಿಗೇ ನನಗೆ ಗೊತ್ತಿತ್ತು. ನಿನಗೆ ಇನ್ನೂ ಎಷ್ಟು ಗೊತ್ತಿತ್ತೋ! ನಾನು ದಿನವೂ ಹಂಬಲಿಸುವ ಆ ಜಗಲಿ ನಿನಗೂ ಅಷ್ಟೇ ಸಿಹಿಯಾಗಿತ್ತೇ ಎಂದು ಕೇಳಲು ನನಗೆ ಭಯವಾಗುತ್ತದೆ, ಏಕೆಂದರೆ ನನ್ನ ಊರೆಂದರೆ ಬಹುಮಟ್ಟಿಗೆ ಅದೇ.

ಈ ಭಾಗವನ್ನು ಎಲ್ಲರಿಗಿಂತ ಮೊದಲು ನಿನಗೆ ಕಳಿಸುತ್ತೇನೆ. ಇದು ಇಲ್ಲಿ ಉಳಿದಿದ್ದರೆ ನೀನು ಒಪ್ಪಿದ್ದೀಯೆಂದು ಓದುವವರು ತಿಳಿಯಲಿ.

ಇರಲಿ ಬಿಡು, ಮಗಳ ಪ್ರಶ್ನೆಗೆ ನೀನೇ ಉತ್ತರ ಕೊಡು, ಅವಳು ನಿನ್ನ ಮಾತನ್ನಾದರೆ ಕೇಳುತ್ತಾಳೆ. ಮುಂದಿನ ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಬಾಡೂಟವನ್ನೂ ಬಳಗದಲ್ಲಿ ಇಡೋಣವೆಂದು ಸಮಿತಿಗೆ ಬರೆದಿದ್ದೇನೆ. ಕೊಳ್ಳೇಗಾಲದವನು ಮಸಾಲೆಯ ಹೊಣೆ ಹೊತ್ತಿದ್ದಾನೆ, ಆದರೆ ನಿಮ್ಮಮ್ಮನ ಕೈಯ ಅಳತೆ ಅವನಿಗೆ ಗೊತ್ತಿಲ್ಲ, ಅದನ್ನು ಕೇಳಿ ಬರೆದು ಕಳಿಸು. ಕೊಬ್ಬರಿಗೆ ಈ ಸಲ ಧಾರಣೆ ಹೇಗಿದೆ? ಹಲಸಿನ ಹಣ್ಣಿನ ಆ ಹಳೆಯ ಬಾಕಿಯನ್ನು ಡಿಸೆಂಬರಿನಲ್ಲಿ ಬಂದಾಗ ಬಡ್ಡಿ ಸಮೇತ ತೀರಿಸುತ್ತೇನೆ, ಅಲ್ಲಿಯವರೆಗೆ ಮೇಷ್ಟ್ರಿಗೆ ಏನೂ ಹೇಳಬೇಡ.

ಇಂತಿ ನಿನ್ನ,
ಗೆಳೆಯ