ಕಂಪ್ಯೂಟರ್ ವಿಮರ್ಶೆ ಬರೆಯುವಾಗ ರೂಮಿನ ಬಿಸಿನೂ ಬರೀರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟ ನಾನು ಬಿಡದಂಗ ಓದ್ತೀನಿ. ಹೊಸ ಪ್ರೊಸೆಸರ್ ಬಂತು, ಹೊಸ ಗ್ರಾಫಿಕ್ಸ್ ಕಾರ್ಡ್ ಬಂತು ಅಂತ ಕನ್ನಡದಾಗ ಬರೀತೀರಲ್ಲ, ಅದಕ್ಕ ಮೊದ್ಲು ಥ್ಯಾಂಕ್ಸ್. ಆದ್ರ ಒಂದು ಮಾತು ಭಾಳ ದಿನದಿಂದ ಹೇಳಬೇಕಂತ ಮನಸಿನ್ಯಾಗ ಅದ. ಈ ಕೂಲರ್ ಹಾಕಿದ್ರ ಪ್ರೊಸೆಸರ್ 70 ಡಿಗ್ರಿ ದಾಟಲಿಲ್ಲ ಅಂತ ಬರೀತೀರಿ, ಖರೆ, ಆದ್ರ ಟೆಸ್ಟ್ ಮಾಡಿದ ರೂಮಿನಾಗ ಎಷ್ಟು ಡಿಗ್ರಿ ಇತ್ತು ಅನ್ನೋದನ್ನ ಬರಿಯಂಗಿಲ್ಲ. ಅದೊಂದು ಸಾಲು ಇಲ್ಲದಿದ್ರ ರಾಯಚೂರಿನಾಗ ಕುಂತು ಓದೋರಿಗೆ ಆ 70 ಅನ್ನೋ ನಂಬರ್‌ನಿಂದ ಏನೂ ತಿಳಿಯಂಗಿಲ್ರಿ.

ನಂದು ಇಲ್ಲಿ ಲಗ್ನದ ವಿಡಿಯೋ ಎಡಿಟಿಂಗ್ ಕೆಲಸ. ನಮ್ಮ ಕಡೆ ಲಗ್ನದ ಸೀಸನ್ನು ಬ್ಯಾಸಿಗಿ ಎರಡೂ ಕೂಡೇ ಬರ್ತಾವ, ಏಪ್ರಿಲ್ ಮೇ ತಿಂಗಳದಾಗ ಹೊರಗ 42, 43 ಡಿಗ್ರಿ ಇರೋವಾಗನ 4ಕೆ ಫೈಲುಗಳು ಹಗಲು ರಾತ್ರಿ ರೆಂಡರ್ (ಎಡಿಟ್ ಮಾಡಿದ್ದು ಪೂರ್ತಿ ವಿಡಿಯೋ ಆಗೋದು) ಆಗ್ತಿರಬೇಕು, ಆ ಕಡೆ ಪಾರ್ಟಿಯವ್ರು ಪೆನ್‌ಡ್ರೈವ್ ಯಾವಾಗ ಕೊಡ್ತಿ ಅಂತ ಫೋನ್ ಮ್ಯಾಲ ಫೋನ್ ಮಾಡ್ತಿರ್ತಾರ. ಅದಕ್ಕ ನಾನು ನನ್ನ ಡೆಸ್ಕ್‌ಟಾಪಿಗೆ ಕಸ್ಟಮ್ ವಾಟರ್ ಕೂಲಿಂಗ್ ಕಟ್ಟಿಕೊಂಡೀನಿ. ಅಂಗಡಿಯಾಗ ರೆಡಿಮೇಡ್ ಸಿಗೋ ಎಲ್ಲಾ ಭಾಗ ಕೂಡಿಸಿ ಸೀಲ್ ಮಾಡಿದ ಎಐಒ ಅಲ್ಲ, ಬ್ಲಾಕ್ ಬ್ಯಾರೆ, ಪಂಪ್ ಬ್ಯಾರೆ, ರೇಡಿಯೇಟರ್ ಬ್ಯಾರೆ, ಪೈಪು ಫಿಟಿಂಗು ಎಲ್ಲಾ ಬ್ಯಾರೆ ಬ್ಯಾರೆ ತರಿಸಿ ಕೈಯಾರೆ ಜೋಡಿಸೋದು. ನೋಡಾಕ ಬಂದೋರು ಇದೇನು ಶೋಕಿ ಅಂತಾರ. ಬೆಂಗಳೂರಾಗ ಶೋಕಿ ಇರಬಹುದು, ನಮ್ಮ ಊರಾಗ ಇದು ಲೆಕ್ಕದ ವಿಷಯ, ಆ ಲೆಕ್ಕ ಕನ್ನಡದಾಗ ಎಲ್ಲೂ ಸರಿಯಾಗಿ ಬಂದಿಲ್ಲ ಅನ್ನೋದs ನನ್ನ ತಕರಾರು.

ಲೆಕ್ಕ ಹಿಂಗದ ನೋಡ್ರಿ. ಕಂಪ್ಯೂಟರ್ ತಿನ್ನೋ ಕರೆಂಟು ಹೆಚ್ಚುಕಡಿಮಿ ಎಲ್ಲಾ ಕಡೀಗೆ ಬಿಸಿನs ಆಗ್ತದ. ಇಂಟೆಲ್ ಐ9-14900ಕೆ ಪ್ರೊಸೆಸರ್ ಪೂರ್ತಿ ಓಡಿದ್ರ 253 ವ್ಯಾಟ್ ತನಕ ಎಳೀತದ, ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿಗೆ 450 ವ್ಯಾಟ್, ಎರಡೂ ಕೂಡಿದ್ರ ಸುಮಾರು 700 ವ್ಯಾಟ್. ಈ ಬಿಸಿ ಪ್ರೊಸೆಸರ್, ಕಾರ್ಡ್ ಮ್ಯಾಲ ಕುಂತ ತಾಮ್ರದ ಬ್ಲಾಕಿಗೆ ಇಳೀತದ, ಅಲ್ಲಿಂದ ನೀರಿಗೆ, ನೀರಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಫ್ಯಾನಿನ ಗಾಳಿಗೆ. ಟ್ರ್ಯಾಕ್ಟರಿನ ಎಂಜಿನ್ ತಣ್ಣಗಾಗೋದೂ ಹಿಂಗs ಅಲ್ರಿ. ಹಂಗಾಗಿ ನೀರು ಎಂದೂ ರೂಮಿನ ಗಾಳಿಗಿಂತ ತಣ್ಣಗ ಆಗಂಗಿಲ್ಲ, ಅದರ ಮ್ಯಾಲ ಎಷ್ಟು ಡಿಗ್ರಿ ಏರ್ತದ ಅನ್ನೋದಷ್ಟs ನಮ್ಮ ಕೈಯಾಗಿರೋದು. ಹಿಂಗ ನೀರು ಸುತ್ತೋ ಜೋಡಣಿಗೆ ಲೂಪ್ ಅಂತಾರ. ಒಂದು ಲೂಪಿನಾಗ ನೀರು ರೂಮಿಗಿಂತ 10 ಡಿಗ್ರಿ ಏರ್ತದ, ಪ್ರೊಸೆಸರ್ ನೀರಿಗಿಂತ 40 ಡಿಗ್ರಿ ಏರ್ತದ ಅಂತ ಇಟ್ಕೋರಿ. ಎಸಿ ಹಾಕಿದ 22 ಡಿಗ್ರಿ ರೂಮಿನಾಗ ಪ್ರೊಸೆಸರ್ 72 ತೋರಿಸ್ತದ, ಪೇಪರಿನಾಗ "ಅದ್ಭುತ" ಅಂತ ಬರ್ತದ. ಅದs ಮಷೀನು, ಅದs ಲೂಪು, ನಮ್ಮ 42 ಡಿಗ್ರಿ ರೂಮಿಗೆ ಬಂದ್ರ 92. ಎಎಂಡಿ ಕಂಪನಿಯ ರೈಜನ್ 9 7950ಎಕ್ಸ್ ಪ್ರೊಸೆಸರ್ 95ಕ್ಕ ಮುಟ್ಟಿದ್ರ ತಾನs ಸ್ಪೀಡ್ ಕಡಿಮಿ ಮಾಡ್ಕೋತದ, ಇನ್ನ ಮೂರು ಡಿಗ್ರಿ ಅಷ್ಟs ಉಳೀತು. ಕೂಲರ್ ಕೆಟ್ಟದ್ದು ಅಂತಲ್ಲ, ಓದಿ ತಗೊಂಡವ್ನಿಗೆ ಅರ್ಧ ಲೆಕ್ಕ ಕೊಟ್ಟಂಗ ಆತು. ಅದಕ್ಕs ಕೇಳೋದು, 72 ಅಂತ ಬರೀಬ್ಯಾಡ್ರಿ, ರೂಮಿಗಿಂತ 50 ಡಿಗ್ರಿ ಹೆಚ್ಚು ಅಂತ ಬರೀರಿ, ಆಗ ಮಡಿಕೇರಿಯವ್ರೂ ತಮ್ಮ ಲೆಕ್ಕ ಮಾಡ್ಕೋತಾರ ನಾವೂ ಮಾಡ್ಕೋತೀವಿ.

ಇದನ್ನ ಬಿಟ್ಟು ಬರೆದಿದ್ದಕ್ಕ ಆಗೋ ದೊಡ್ಡ ತೊಂದ್ರಿ ರೇಡಿಯೇಟರ್ ಸೈಜಿನ್ಯಾಗ. ಪ್ರೊಸೆಸರ್, ಕಾರ್ಡ್ ಅನ್ನೋ ಒಂದೊಂದು ಭಾಗಕ್ಕ ಒಂದು 120 ಎಂಎಂ ಫ್ಯಾನಿನಷ್ಟು ರೇಡಿಯೇಟರ್, ಜತಿಗೆ ಇನ್ನೊಂದು ಅಂತ ಒಂದು ಲೆಕ್ಕ ಎಲ್ಲಾ ಕಡೆ ಓಡಾಡ್ತದ. ತಂಪು ಊರಿಗೆ ನಡೀತದ. ಡಿ5 ಅಂತ ಹೆಸರಾದ ಪಂಪಿಗೆ ನೀರು 60 ಡಿಗ್ರಿ ಒಳಗ ಇರಬೇಕು, ಪೆಟ್‌ಜಿ ಅನ್ನೋ ಪ್ಲಾಸ್ಟಿಕ್ಕಿನ ಗಟ್ಟಿ ಪೈಪು ನೀರು ಭಾಳ ಕಾದ್ರ ಮೆತ್ತಗಾಗಿ ಫಿಟಿಂಗಿನಾಗ ಸಡಿಲ ಆಗ್ತದ. 25 ಡಿಗ್ರಿ ರೂಮಿನಾಗ ನೀರು 15 ಡಿಗ್ರಿ ಏರಿದ್ರೂ 40, ಯಾರೂ ತಲಿ ಕೆಡಿಸ್ಕೊಳಂಗಿಲ್ಲ. ನಮ್ಮ ಕಡೆ ಅಂಗಡಿ ಒಳಗ 43 ಇತ್ತಂದ್ರ ಅದs 15 ಏರಿ 58 ಆತು, ಪಂಪಿನ ಗಡಿ ಮುಟ್ಟೇ ಬಿಡ್ತು. ಏರೋದನ್ನ ಅರ್ಧ ಮಾಡಬೇಕಂದ್ರ ಸುಮಾರು ಎರಡು ಪಟ್ಟು ರೇಡಿಯೇಟರ್ ಬೇಕು, ಇಲ್ಲಂದ್ರ ಫ್ಯಾನು ಭಾಳ ಜೋರು ತಿರುಗಬೇಕು. ಹಂಗಾಗಿ ಪ್ರೊಸೆಸರ್ ಕಾರ್ಡ್ ಎರಡನ್ನೂ ಲೂಪಿಗೆ ಹಾಕೋರು ನಮ್ಮ ಜಿಲ್ಲೆಯಾಗ 360ರವು (ಮೂರು 120 ಎಂಎಂ ಫ್ಯಾನಿನಷ್ಟು ಉದ್ದ ಇರೋವು) ಎರಡು ರೇಡಿಯೇಟರ್ ಹಿಡಿಯೋ ಕ್ಯಾಬಿನೆಟ್‌ನ್ನs ಮೊದಲು ಹುಡುಕಬೇಕು, ಪೈಪಂತೂ ಮೆತ್ತನ ರಬ್ಬರಿನ ಇಪಿಡಿಎಂ ಇದ್ರ ಚಲೋ, ಚಂದ ಕಾಣಂಗಿಲ್ಲ ಅಷ್ಟs. ನೀರು ಮೊದಲು ಪ್ರೊಸೆಸರಿಗೆ ಹೋಗಬೇಕಾ ಕಾರ್ಡಿಗೆ ಹೋಗಬೇಕಾ ಅಂತ ಜಗಳ ಆಡೋರದಾರ, ನಿಮಿಷಕ್ಕ 4 ಲೀಟರ್ ಹರಿಯೋ ಲೂಪಿನಾಗ 500 ವ್ಯಾಟ್ ಬಿಸಿ ಸೇರಿದ್ರೂ ನೀರು ಒಂದು ಸುತ್ತಿಗೆ 2 ಡಿಗ್ರಿ ಒಳಗs ಏರ್ತದ, ಆ ಜಗಳ ಬ್ಯಾಡ. ಲೂಪಿಗೆ ನೀರು ತುಂಬೋ ಟ್ಯಾಂಕು ಪಂಪಿಗಿಂತ ಮ್ಯಾಲ ಇರಲಿ, ಪಂಪ್ ಎಂದೂ ಒಣಾ ತಿರುಗಬಾರದು, ಅದು ಮುಖ್ಯ.

ಇನ್ನೊಂದು ತಿಳುವಳಿಕಿ ಜನರಾಗ ಹಂಗs ಉಳಿದದ, ನೀರು ಹಾಕಿದ್ರ ಕಂಪ್ಯೂಟರ್ ರೂಮೂ ತಂಪಾಗ್ತದ ಅಂತ. ಆಗಂಗಿಲ್ರಿ. 700 ವ್ಯಾಟ್ ಬಿಸಿ ಮೊದಲು ಪ್ರೊಸೆಸರ್, ಕಾರ್ಡ್ ಮ್ಯಾಲ ಇತ್ತು, ಈಗ ಅದs 700 ವ್ಯಾಟ್ ರೂಮಿನ ಗಾಳಿಗೆ ಬಂತು. ಶಟರ್ ಅರ್ಧ ಇಳಿಸಿ ಕುಂತು ರೆಂಡರ್ ಹಚ್ಚಿದ್ರ ರೂಮು ಕಾಯ್ತದ, ರೂಮು ಕಾದ್ರ ನೀರು ಕಾಯ್ತದ, ಅಲ್ಲಿಗೆ ಎಲ್ಲಾ ಮತ್ತ ಏರ್ತದ. ಎಕ್ಸಾಸ್ಟ್ ಫ್ಯಾನಿಗೆ ಖರ್ಚು ಮಾಡೋ ದುಡ್ಡು ಬಣ್ಣದ ಲೈಟಿಗೆ ಮಾಡೋ ದುಡ್ಡಿಗಿಂತ ಹತ್ತು ಪಟ್ಟು ಉಪಯೋಗ. ಎಸಿ ಇದ್ರ ಚಲೋನ, ಒಂದು ಟನ್ನಿನ ಎಸಿ ಅಂದ್ರ 3500 ವ್ಯಾಟ್ ಬಿಸಿ ಎಳೀತದ, ಅದ್ರಾಗ ಐದರಾಗ ಒಂದು ಪಾಲು ಈ ಕಂಪ್ಯೂಟರಿಗೇ ಹೋತು ಅಂತ ತಿಳ್ಕೊಂಡು ಎಸಿ ತಗೋಬೇಕು.

ನಮ್ಮ ಕಡೆ ಹೆಚ್ಚಿನೋರ ಹತ್ರ ಇರೋದು ಎಸಿ ಅಲ್ಲ, ಹುಲ್ಲಿನ ಪ್ಯಾಡಿಗೆ ನೀರು ಸುರಿಯೋ ಏರ್ ಕೂಲರು. ಒಣ ಬಿಸಿಲಿಗೆ ಅದು ಗಾಳಿನ್ನ ಖರೇನ ತಂಪು ಮಾಡ್ತದ, ಅದನ್ನ ಬೈಯಂಗಿಲ್ಲ. ಆದ್ರ ಅದರ ಬಾಯಿ ಸೀದಾ ಕಂಪ್ಯೂಟರ್ ಕಡೆ ತಿರುಗಿಸಿ ಇಡಬ್ಯಾಡ್ರಿ. ಬೋರ್‌ವೆಲ್ ನೀರಿನ ತುಂತುರು ಒಳಗ ಹಾರಿ ಬೋರ್ಡಿನ ಮ್ಯಾಲ ಒಣಗಿದ್ರ ಉಪ್ಪು ಉಳೀತದ, ಆ ಉಪ್ಪು ಮಳಿಗಾಲದ ಹಸಿ ಹಿಡಿದು ಶಾರ್ಟ್ ಮಾಡ್ತದ. ಲೂಪಿನ ಟ್ಯಾಂಕಿನಾಗ ಐಸ್ ಹಾಕ್ತೀನಿ ಅನ್ನೋ ಹುಡುಗ್ರೂ ಅದಾರ. ರೂಮಿನ ಗಾಳಿಗಿಂತ ನೀರು ಭಾಳ ತಣ್ಣಗಾದ್ರ ಬ್ಲಾಕಿನ ಹೊರಗ, ಪೈಪಿನ ಮ್ಯಾಲ ಹನಿ ಕಟ್ತದ, ಅದೂ ಕೂಲರ್ ಹಾಕಿ ಹಸಿ ಮಾಡಿದ ರೂಮಿನಾಗ ಇನ್ನೂ ಲಗೂನ ಕಟ್ತದ, ಹನಿ ಇಳಿಯೋದು ಸೀದಾ ಮದರ್‌ಬೋರ್ಡಿಗೆ. ಸುಮ್ನ ನಡೆಯೋ ಲೂಪಿನಾಗ ಈ ಭಯ ಇಲ್ಲ, ಯಾಕಂದ್ರ ನೀರು ಯಾವಾಗಲೂ ರೂಮಿಗಿಂತ ಬೆಚ್ಚಗs ಇರ್ತದ.

ನೀರಿನ ಮಾತು ಬಂತಂದ್ರ ನಮ್ಮ ಜಿಲ್ಲೆಯವ್ರು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಲ್ಲಿ ನೆಲದ ನೀರಿನಾಗ ಫ್ಲೋರೈಡ್ ಅದ, ಸುಣ್ಣದ ಅಂಶ ಅದ, ಕೊಡಪಾನದ ತಳದಾಗ ಬಿಳಿ ಪೊರಿ ಕಟ್ಟೋದು ಎಲ್ಲಾರ ಮನ್ಯಾಗೂ ನೋಡೀವಿ. ಕುಡಿಯೋ ನೀರಿಗೆ ಸರ್ಕಾರದ ಐಎಸ್ 10500 ಮಾನದಂಡದಾಗ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ (ನೀರಿನಾಗ ಕರಗಿದ ಉಪ್ಪು, ಸುಣ್ಣದಂಥಾವು) ಇರಬಹುದು, ಬ್ಯಾರೆ ನೀರs ಇಲ್ಲಂದ್ರ 2000 ತನಕ ಅಂತ ಅದ. ಬ್ಲಾಕಿನ ಒಳಗ ಇರೋ ತಾಮ್ರದ ಸಂದುಗಳು ಒಂದು ಮಿಲಿಮೀಟರಿಗಿಂತ ಸಣ್ಣವು, ಆ ನೀರು ಹಾಕಿದ್ರ ಸಂದು ಕಟ್ಟಿ ಹೋಗ್ತದ. ಆರ್‌ಒ ನೀರು ಚಲೋ ಅಲ್ಲಾ ಅಂತ ಕೇಳ್ತಾರ, ಅಲ್ಲ, ರುಚಿಗೆ ಅಂತ ಭಾಳ ಮಷೀನಿನ್ಯಾಗ ಒಂದಿಷ್ಟು ಆರ್‌ಒ ಆಗದ ನೀರನ್ನ ವಾಪಸ್ ಬೆರೆಸ್ತಾರ. ಇನ್ವರ್ಟರ್ ಬ್ಯಾಟರಿ ಅಂಗಡಿಯಾಗ ಸಿಗೋ ಡಿಸ್ಟಿಲ್ಡ್ ನೀರು ತರಬೇಕು, ಅದಕ್ಕ ತುಕ್ಕು ತಡಿಯೋ ಔಷಧ, ಪಾಚಿ ತಡಿಯೋ ಔಷಧ ಕೂಡಿಸಬೇಕು, ಇಲ್ಲಾಂದ್ರ ಕಂಪನಿಯವ್ರು ಮಾಡಿದ ರೆಡಿ ಕೂಲಂಟ್ ಹಾಕಬೇಕು. ಟ್ರ್ಯಾಕ್ಟರ್ ಕೂಲಂಟ್ ಬ್ಯಾಡ, ಅದ್ರಾಗ ಇರೋ ಎಥಿಲೀನ್ ಗ್ಲೈಕಾಲ್ ಸಿಹಿ ಇರ್ತದ, ವಿಷ ಅದು, ಮನ್ಯಾಗ ಸಣ್ಣ ಮಕ್ಳು ಇರ್ತಾರ. ವರ್ಷಕ್ಕೊಮ್ಮಿ ಖಾಲಿ ಮಾಡಿ ಹೊಸಾದು ತುಂಬಿದ್ರ ಸಾಕು, ದಿನಾ ನೀರು ಹಾಕಬೇಕೇನು ಅಂತ ಕೇಳೋರಿಗೂ ಇದs ಉತ್ತರ, ಅದs ನೀರು ಒಳಗs ಸುತ್ತತಿರ್ತದ.

ಸಾಮಾನು ತರಿಸೋದು ನಮಗ ತ್ರಾಸ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇಲ್ಲಾ ಬೆಂಗಳೂರಿನ ಎಸ್.ಪಿ. ರೋಡ್ ಅಂತ ಹುಡುಕಬೇಕು, ಇಲ್ಲಂದ್ರ ಆನ್‌ಲೈನ್. ಆನ್‌ಲೈನಿನಾಗ ಸೋವಿ ಅಂತ ಅಲ್ಯುಮಿನಿಯಂ ರೇಡಿಯೇಟರ್ ತಗೊಂಡು ತಾಮ್ರದ ಬ್ಲಾಕಿಗೆ ಜೋಡಿಸಬ್ಯಾಡ್ರಿ, ಒಂದs ನೀರಿನಾಗ ಎರಡೂ ಕೂಡಿದ್ರ ಅಲ್ಯುಮಿನಿಯಂ ತಿಂದು ಹೋಗ್ತದ, ತಾಮ್ರ ಹಿತ್ತಾಳಿದ್ದs ಬೇಕು ಅಂತ ಕೇಳ್ರಿ. ಆದ್ರ ಒಂದು ಸಮಾಧಾನದ ಮಾತದ, ಇದನ್ನ ನಿಮ್ಮ ಪುಟದಾಗ ಬರೆದ್ರ ಭಾಳ ಮಂದಿಗೆ ಉಪಯೋಗ ಆಗ್ತದ. ಈ ಫಿಟಿಂಗಿನ ಜಿ 1/4 ಅನ್ನೋ ಥ್ರೆಡ್ ಬ್ಯಾರೇನೂ ಅಲ್ಲ, ನಮ್ಮ ಲೇಥ್ ಕೆಲಸದವ್ರು, ಹೈಡ್ರಾಲಿಕ್ ಪೈಪಿನ ಅಂಗಡಿಯವ್ರು ದಿನಾ ಹಿಡಿಯೋ ಕಾಲಿಂಚಿನ ಬಿಎಸ್‌ಪಿ, ಸೀದಾ ಥ್ರೆಡ್. ಒಂದು ಹಿತ್ತಾಳಿ ಪ್ಲಗ್ ಬೇಕಂದ್ರ ಹೈದರಾಬಾದಿನಿಂದ ಬರೋ ತನಕ ಕಾಯೋದು ಬ್ಯಾಡ, ನಮ್ಮ ಊರಾಗs ಲೇಥ್ ಮ್ಯಾಲ ತೆಗಿಸಬಹುದು. ಬುಡಕ್ಕ ದಪ್ಪ ಆಗ್ತಾ ಹೋಗೋ ಎನ್‌ಪಿಟಿ ಥ್ರೆಡ್ ಮಾತ್ರ ತಿರುವಬಾರದು, ಅಕ್ರಿಲಿಕ್ ಸೀಳ್ತದ. ಪ್ಲಂಬರ್ ರೂಢಿಯಂಗ ಟೆಫ್ಲಾನ್ ಟೇಪು ಸುತ್ತಿ ಪಾನಾ ಹಾಕಿ ಬಿಗಿಯೋದೂ ಬ್ಯಾಡ, ನೀರು ತಡಿಯೋದು ರಬ್ಬರಿನ ಓ-ರಿಂಗು, ಕೈಯಿಂದ ಬಿಗಿದ್ರ ಸಾಕು.

ತುಂಬಿದ ಮ್ಯಾಲ ಗಡಿಬಿಡಿಲೆ ಸ್ವಿಚ್ ಒತ್ತಬಾರದು. ಮದರ್‌ಬೋರ್ಡಿಗೆ, ಕಾರ್ಡಿಗೆ ಹೋಗೋ ಕರೆಂಟಿನ ವೈರು ಎಲ್ಲಾ ಬಿಚ್ಚಿ, ಪವರ್ ಸಪ್ಲೈನ 24 ಪಿನ್ನಿನ ಕನೆಕ್ಟರಿನಾಗ ಹಸಿರು ವೈರಿನ ಪಿನ್ನಿಗೂ ಕರಿ ವೈರಿನ ಪಿನ್ನಿಗೂ ಜಂಪರ್ ಹಾಕಿದ್ರ ಪಂಪ್ ಒಂದs ತಿರುಗ್ತದ, ಎಲ್ಲಾ ವೈರೂ ಕರಿ ಇದ್ರ 16ನೇ ಪಿನ್ನು ನೋಡಿ ಹಾಕ್ರಿ. ಎಲ್ಲಾ ಫಿಟಿಂಗ್ ಬುಡಕ್ಕ ಟಿಶ್ಯೂ ಪೇಪರ್ ಇಟ್ಟು ಒಂದು ದಿನ ರಾತ್ರಿ ಹಂಗs ಬಿಡ್ರಿ, ಪೇಪರ್ ಒಣಾ ಇದ್ರ ಮುಂದ ಹೋಗ್ರಿ. ಕರೆಂಟ್ ಹೋದ್ರ ಪಂಪ್ ನಿಂತು ಪ್ರೊಸೆಸರ್ ಸುಡ್ತದೇನು ಅಂತ ಹೆದರ್ತಾರ, ಕರೆಂಟ್ ಹೋದ್ರ ಬಿಸಿ ಮಾಡೋದೂ ನಿಲ್ತದ, ಏನಾಗಂಗಿಲ್ಲ.

ಧೂಳು ಬ್ಯಾರೆ. ಎರಿ ಮಣ್ಣಿನ ಧೂಳು ಒಂದು, ಹತ್ತಿ ಸೀಸನ್ನಿನಾಗ ಜಿನ್ನಿಂಗ್ ಮಿಲ್ ಇರೋ ಓಣಿಗಳಾಗ ಹಾರೋ ಹತ್ತಿ ಎಳಿ ಇನ್ನೊಂದು, ಎರಡೂ ಕೂಡಿ ರೇಡಿಯೇಟರಿನ ಸಂದಿನಾಗ ಹಾಸಿಗಿ ಹಾಸಿದಂಗ ಕುಂತ್ಕೋತಾವ. ಬ್ಲೋವರ್ ಹೊಡೀಬೇಕು, ಹೊಡಿಯುವಾಗ ಫ್ಯಾನ್ ತಿರುಗದಂಗ ಕೈಲೆ ಹಿಡೀಬೇಕು.

ಇಷ್ಟೆಲ್ಲಾ ಬರೆದಿದ್ದು ಎಲ್ಲಾರೂ ವಾಟರ್ ಕೂಲಿಂಗ್ ಹಾಕ್ಸಿಕೊಳ್ರಿ ಅಂತಲ್ಲ. ಟೈಪಿಂಗ್ ಸೆಂಟರಿಗೆ, ಆನ್‌ಲೈನ್ ಅರ್ಜಿ ಹಾಕೋ ಅಂಗಡಿಗೆ, ಓದೋ ಹುಡುಗ್ರಿಗೆ 65 ವ್ಯಾಟಿನ ಪ್ರೊಸೆಸರ್ ಮ್ಯಾಲ ಒಂದು ಚಲೋ ಗಾಳಿ ಕೂಲರ್ ಸಾಕೋ ಸಾಕು. ದೊಡ್ಡ ಪ್ರೊಸೆಸರ್ ಇದ್ದೋರೂ ಮೊದಲು ಪುಕ್ಕಟೆ ಸಿಗೋ ಉಪಾಯ ಮಾಡ್ರಿ, ರೈಜನ್‌ನಾಗ ಇಕೋ ಮೋಡ್ ಅಂತ ಅದ, 170 ವ್ಯಾಟಿನ 7950ಎಕ್ಸನ್ನ 105ಕ್ಕ ಇಳಿಸಬಹುದು, ಇಂಟೆಲ್‌ನಾಗ ಬಯೋಸ್‌ನಾಗ (ಕಂಪ್ಯೂಟರ್ ಚಾಲೂ ಆಗುವಾಗ ತೆಗೆಯೋ ಸೆಟ್ಟಿಂಗಿನಾಗ) ಪವರ್ ಲಿಮಿಟ್ ಇಳಿಸಬಹುದು, ಸ್ಪೀಡ್ ಸ್ವಲ್ಪ ಕಡಿಮಿ ಆಗ್ತದ, ಬಿಸಿ ಭಾಳ ಕಡಿಮಿ ಆಗ್ತದ. ನಮ್ಮ ಬ್ಯಾಸಿಗಿಗೆ ಇದರಂಥ ಉಪಾಯ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ, ಆದ್ರ ನಾನು ಓದಿದ ಕನ್ನಡದ ವಿಮರ್ಶೆಯಾಗ ಇದನ್ನ ಹೇಳಿದ್ದು ಕಂಡಿಲ್ಲ, ಹೆಚ್ಚಿನೋರು ಅತಿ ಹೆಚ್ಚು ಎಷ್ಟು ಓಡ್ತು ಅಂತಷ್ಟs ಬರೀತಾರ.

ಸಂಪಾದಕರs, ಕೇಳೋದು ದೊಡ್ಡದಲ್ಲ. ಕಂಪ್ಯೂಟರ್ ಆಗ್ಲಿ, ಲ್ಯಾಪ್‌ಟಾಪ್ ಆಗ್ಲಿ, ಫೋನ್ ಆಗ್ಲಿ, ಬಿಸಿ ಎಷ್ಟು ಅಂತ ಬರೆಯೋವಾಗ ಟೆಸ್ಟ್ ಮಾಡಿದ ರೂಮಿನ ಡಿಗ್ರಿ ಪಕ್ಕದಾಗs ಹಾಕ್ರಿ. ಸಾಧ್ಯ ಆದ್ರ ಮಾರ್ಚ್ ತಿಂಗಳದಾಗ ರಾಯಚೂರು, ಕೊಪ್ಪಳ, ಬಳ್ಳಾರಿ, ಕಲಬುರಗಿ ಓದುಗರಿಗೆ ಅಂತs ಒಂದು ಪುಟ ಬಿಸಿಲಿನಾಗ ಕಂಪ್ಯೂಟರ್ ಹೆಂಗ ಇಟ್ಕೋಬೇಕು ಅಂತ ಬರೀರಿ. ಟೆಸ್ಟ್ ಮಾಡಾಕ ಬಿಸಿ ರೂಮು ಎಲ್ಲಿಂದ ತರೋದು ಅಂತಂದ್ರ ಮೇ ತಿಂಗಳದಾಗ ಮಷೀನು ಇಲ್ಲಿಗೆ ಕಳಸ್ರಿ, ರೂಮಿಂದು, ನೀರಿಂದು, ಪ್ರೊಸೆಸರ್‌ದು ಮೂರೂ ಡಿಗ್ರಿ ತಾಸಿಗೊಮ್ಮಿ ಬರೆದು ನಾನs ಕಳಸ್ತೀನಿ, ದುಡ್ಡೇನೂ ಬ್ಯಾಡ.

ಇಂತಿ ನಿಮ್ಮ ಓದುಗ,
ರಾಯಚೂರು